ಫೋಟೋದ ಮೇಲೆ ಬೀಳದ ಸೀಲು

ಬಾಗಿಲು ತಟ್ಟಿದ ಸದ್ದಿನಲ್ಲೇ ಫೈಲಮ್ಮನಿಗೆ ಗೊತ್ತಾಗಿಹೋಯಿತು, ಬಂದವರು ಏನೋ ಕೇಳಲು ಬಂದಿದ್ದಾರೆ ಅಂತ. ಜಗಳಕ್ಕೆ ಬಂದವರು ಗುದ್ದುತ್ತಾರೆ. ಇದು ಉಗುರಿನಲ್ಲಿ ತಟ್ಟಿದ ಹಾಗಿತ್ತು. ತೆಗೆದು ನೋಡಿದರೆ ವಾರಗಿತ್ತಿ! ಒಂಬತ್ತು ವರ್ಷದಿಂದ ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ, ಮೈದುನನ ಹೆಂಡತಿ.

ಫೈಲಮ್ಮ ಅನ್ನುವುದು ಅವಳಿಗೆ ಅಂಗವಿಕಲರ ನೆರವಿನ ಕಚೇರಿಯ ಜವಾನ ಇಟ್ಟ ಹೆಸರು. ಮಗಳಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ. ಅವಳಿಗಾಗಿ ಹದಿನಾಲ್ಕು ವರ್ಷ ಕಂಕುಳಲ್ಲಿ ನೀಲಿ ಫೈಲು ಇಟ್ಟುಕೊಂಡು ಆ ಕಚೇರಿಗೆ ಅಲೆದಿದ್ದಾಳೆ. ಯಾವ ಅರ್ಜಿಗೆ ಯಾವ ಕಾಗದ, ಯಾವ ಸಾಹೇಬರು ಊಟಕ್ಕೆ ಮುಂಚೆ ಸಹಿ ಹಾಕುತ್ತಾರೆ, ಯಾರಿಗೆ ಊಟವಾದ ಮೇಲೆ ಪೆನ್ನೇ ಸಿಗುವುದಿಲ್ಲ, ಎಲ್ಲ ಬಾಯಿಪಾಠ. ಬೀದಿಯಲ್ಲಿ ಯಾರಿಗೆ ಊರುಗೋಲು ಬೇಕಾದರೂ, ಕಿವಿಯ ಮಿಷನ್ನು ಬೇಕಾದರೂ ಮೊದಲು ಬರುವುದು ಅವಳ ಮನೆಗೇ.

"ಅಕ್ಕಾ, ಒಳಗೆ ಬರ್ಲಾ?"

"ಬಾಗಿಲು ತೆಗೆದಿದೀನಲ್ಲ."

ವಾರಗಿತ್ತಿ ಕೂರಲಿಲ್ಲ. ಕೂರು ಅಂತ ಇವಳೂ ಹೇಳಲಿಲ್ಲ. ವಿಷಯ ಇಷ್ಟು: ಬ್ಯಾಟರಿ ರಿಪೇರಿ ಮಾಡುತ್ತಿದ್ದ ಮೈದುನನ ಮುಖಕ್ಕೆ ಆ್ಯಸಿಡ್ ಸಿಡಿದು ಎರಡೂ ಕಣ್ಣು ಹೋಗಿ ಆರು ತಿಂಗಳಾಗಿತ್ತು. ಕಣ್ಣಿಲ್ಲದವರಿಗೆ ಕೋಲು ಹಿಡಿದು ಓಡಾಡುವುದು, ಮಾತಾಡುವ ಫೋನು ಬಳಸುವುದು, ಕೈಯಿಂದಲೇ ಕೆಲಸ ಮಾಡುವುದು ಕಲಿಸುವ ಶಾಲೆಯೊಂದಿದೆ. ವರ್ಷಕ್ಕೆ ಎಂಟೇ ಜನಕ್ಕೆ ಸೀಟು, ಅದೂ ಮೊದಲು ಅರ್ಜಿ ಕೊಟ್ಟವರಿಗೆ. ಅರ್ಜಿಗೆ ಇವತ್ತು ನಾಲ್ಕು ಗಂಟೆಯೇ ಕೊನೆ.

"ಮನೇಲಿ ಕೂತೂ ಕೂತೂ ಅವರು ಮಾತೇ ಬಿಟ್ಟಿದಾರೆ ಅಕ್ಕ. ಇನ್ನೊಂದು ವರ್ಷ ಹಿಂಗೇ ಆದ್ರೆ... ಕಾಗದ ಎಲ್ಲ ಇದೆಯಾ ಅಂತ ಒಂದ್ಸಲ ನೋಡು."

ಫೈಲಮ್ಮ ಒಂದೊಂದೇ ತಿರುವಿ ಹಾಕಿದಳು. ಡಾಕ್ಟರ ಸರ್ಟಿಫಿಕೇಟಿಗೆ ಬಂದಾಗ ಬೆರಳು ನಿಂತಿತು. ಆಸ್ಪತ್ರೆಯ ಸೀಲು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಇಲ್ಲದಿದ್ದರೆ ಫೋಟೋ ಬದಲಾಯಿಸಿರಬಹುದು ಅಂತ ಕಿಟಕಿಯಿಂದಲೇ ವಾಪಸ್ ಕೊಡುತ್ತಾರೆ. ಈ ಸೀಲು ಫೋಟೋದಿಂದ ಎರಡು ಬೆರಳು ಕೆಳಗೆ, ತನ್ನ ಪಾಡಿಗೆ ತಾನು ಬಿದ್ದುಕೊಂಡಿತ್ತು.

"ಕಾಗದ ಎಲ್ಲಾ ಇದೆ," ಅಂದಳು ಫೈಲಮ್ಮ.

"ಎಲ್ಲಿ ಕೊಡ್ಬೇಕು?"

"ಕಚೇರಿ ಮುಂದೆ ಬೋರ್ಡ್ ಇದೆ. ಓದೋಕೆ ಬರುತ್ತಲ್ಲ?"

ಬೋರ್ಡು ನಾಲ್ಕನೇ ಕೋಣೆ ಅನ್ನುತ್ತದೆ. ಆದರೆ ಗಾಲಿಕುರ್ಚಿ ಹತ್ತುವ ಇಳಿಜಾರನ್ನು ಕಟ್ಟಡದ ಹಿಂದೆ ಕಟ್ಟಿ, ಅರ್ಜಿಯ ಕಿಟಕಿಯನ್ನೂ ಅಲ್ಲಿಗೇ ಒಯ್ದು ಎರಡು ವರ್ಷವಾಯಿತು. ಬೋರ್ಡು ಬದಲಾಯಿಸುವುದು ಮಾತ್ರ ಯಾರಿಗೂ ನೆನಪಾಗಿಲ್ಲ. ಅಂದರೆ ಫೈಲಮ್ಮ ಒಂದು ಸುಳ್ಳೂ ಹೇಳಲಿಲ್ಲ. ವಾರಗಿತ್ತಿ ಮೆಟ್ಟಿಲಿಳಿಯುವುದನ್ನು ನೋಡುತ್ತಾ ನಿಂತವಳಿಗೆ ಹೊಟ್ಟೆಯೊಳಗೆ ತಣ್ಣಗಾಯಿತು, ಉರಿಬೇಸಿಗೆಯಲ್ಲಿ ಮಡಕೆ ನೀರು ಕುಡಿದ ಹಾಗೆ.

"ಅಮ್ಮಾ." ಮೂಲೆಯ ಮೇಜಿನಲ್ಲಿ ಟೈಪಿಂಗ್ ಮಾಡುತ್ತಿದ್ದ ಮಗಳು ಕೈ ನಿಲ್ಲಿಸಿದ್ದಳು. "ಸೀಲು ಎಲ್ಲಿತ್ತು?"

"ಕಾಗದದ ಮೇಲೆ."

"ಫೋಟೋ ಮೇಲಿತ್ತಾ?"

"ನಿನ್ನ ಕೆಲಸ ನೋಡ್ಕೋ."

"ನೋಡಿದ್ಯಾ, ನೋಡಿಲ್ವಾ? ಅಷ್ಟು ಹೇಳು."

"ನೋಡ್ದೆ! ಏನೀಗ? ಅವಳು ಅವತ್ತು ನೋಡ್ಲಿಲ್ವಾ?"

ಅವತ್ತು ಅಂದರೆ ಒಂಬತ್ತು ವರ್ಷದ ಹಿಂದೆ. ವಾರಗಿತ್ತಿ ಆಗ ಆಸ್ಪತ್ರೆ ಗೇಟಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಯಾವುದೋ ಸಂಘದವರು ಮಕ್ಕಳಿಗೆ ನಲವತ್ತು ಗಾಲಿಕುರ್ಚಿ ಕೊಡುತ್ತೇವೆಂದು ಫಾರಂಗಳನ್ನು ಆ ಅಂಗಡಿಯಲ್ಲೇ ಇಟ್ಟಿದ್ದರು. ನಲವತ್ತನ್ನೂ ಹಂಚಿದ್ದು ವಾರಗಿತ್ತಿಯ ಕೈಯೇ. ಮನೆಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. 'ಇಂಥ ಮಗು ನಮ್ಮನೇದು ಅಂತ ಅಂಗಡೀಲಿ ಗೊತ್ತಾದ್ರೆ ನಾಚಿಕೆ' ಅಂದಿದ್ದಳಂತೆ ಅತ್ತೆಯ ಹತ್ತಿರ, ಅತ್ತೆಯಿಂದ ಫೈಲಮ್ಮನ ಕಿವಿಗೆ ಬಿತ್ತು. ಆಮೇಲೆ ಎರಡು ವರ್ಷ ಫೈಲಮ್ಮ ಹತ್ತು ವರ್ಷದ ಮಗಳನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟಳು. ಈಗಲೂ ಬಗ್ಗಿ ಎದ್ದರೆ ಬೆನ್ನು ಕಿರ್ರೆನ್ನುತ್ತದೆ.

"ಕುರ್ಚಿ ಸಿಗದೇ ಹೋಗಿದ್ದು ನಂಗಮ್ಮ, ನಿಂಗಲ್ಲ," ಅಂದಳು ಮಗಳು. "ಸೇಡು ತೀರಿಸ್ಕೊಳ್ಳೋ ಹಾಗಿದ್ರೆ ನನ್ನ ಕೇಳಿ ತೀರಿಸ್ಕೋಬೇಕಿತ್ತು."

"ಬೆನ್ನು ಹೋಗಿದ್ದು ಯಾರದ್ದು?"

"ಅದಕ್ಕೆ ಬೇರೆ ಅರ್ಜಿ ಹಾಕೋಣ. ಬ್ಯಾಟರಿ ತಳ್ಳೋ ಗಾಡಿಗೆ ಹಲಗೆ ಬಡಿದು ಬೀದೀಲಿ ಓಡಾಡೋಕೆ ಅಂತ ನಂಗೆ ತಂದ್ಕೊಟ್ಟಿದ್ದು ಯಾರು? ಚಿಕ್ಕಮ್ಮನಾ, ಚಿಕ್ಕಪ್ಪನಾ?"

ಮಗಳು ಫೋನು ಎತ್ತಿ ಚಿಕ್ಕಮ್ಮನಿಗೆ ಮಾಡಿದಳು. ಹೋಗಲಿಲ್ಲ. ಈ ಮನೆಯ ಎರಡೂ ನಂಬರನ್ನು ಆ ಮಹಾತಾಯಿ ಯಾವತ್ತೋ ಬ್ಲಾಕ್ ಮಾಡಿದ್ದಳು. ಮಗಳು ಕುರ್ಚಿಯ ಬ್ರೇಕು ತೆಗೆದು ಬಾಗಿಲಿನತ್ತ ಉರುಳಿಸಿದಳು.

"ಎಲ್ಲಿಗೆ?"

"ಕಚೇರಿಗೆ. ಬಸ್ಸಿಗೆ ನೀನು ಹತ್ತಿಸಿದ್ರೆ ಸರಿ, ಇಲ್ಲಾಂದ್ರೆ ಕಂಡಕ್ಟರಿಗೆ ಹೇಳ್ತೀನಿ, ನಮ್ಮಮ್ಮ ಮನೇಲಿ ಚಿಕ್ಕಪ್ಪನ ವರ್ಷ ಹಾಳು ಮಾಡ್ತಾ ಬ್ಯುಸಿ ಇದಾಳೆ ಅಂತ."

ಗೋಡೆ ಗಡಿಯಾರದಲ್ಲಿ ಒಂದೂವರೆ. ಫೈಲಮ್ಮ ಹಲ್ಲು ಕಚ್ಚಿಕೊಂಡು ಚಪ್ಪಲಿ ಮೆಟ್ಟಿದಳು. "ಕೂತಿರು ನೀನು, ದೊಡ್ಡ ನ್ಯಾಯಾಧೀಶೆ! ನಾನೇ ಸಾಯ್ತೀನಿ ಹೋಗಿ."

ಕಚೇರಿಯಲ್ಲಿ ನಾಲ್ಕನೇ ಕೋಣೆಯ ಸಾಲು ಬಾಗಿಲು ದಾಟಿ ವರಾಂಡಕ್ಕೆ ಬಂದಿತ್ತು. "ಫೈಲಮ್ಮ ಬಂದ್ರು! ಸಾಹೇಬ್ರೇ, ಕುರ್ಚಿ ಬಿಟ್ಟು ಓಡಿ," ಅಂತ ಜವಾನ ನಕ್ಕ. ಸಾಲಿನ ಮಧ್ಯದಲ್ಲಿ ಕಪ್ಪು ಕನ್ನಡಕದ ಮೈದುನ. ಅವನ ಮಣಿಕಟ್ಟನ್ನು ಕಳ್ಳನನ್ನು ಹಿಡಿದ ಪೊಲೀಸಿನ ಹಾಗೆ ಹಿಡಿದು ನಿಂತಿದ್ದಳು ವಾರಗಿತ್ತಿ. ಫೈಲಮ್ಮ ಹೋದವಳೇ ಅವಳ ಕೈಯ ಕಾಗದಗಳನ್ನು ಕಿತ್ತುಕೊಂಡಳು.

"ಇದು ಆ ಅರ್ಜಿ ಸಾಲೇ ಅಲ್ಲ. ಸೀಲೂ ಸರಿಯಿಲ್ಲ. ನಡೀರಿ ಆಸ್ಪತ್ರೆಗೆ."

"ಏನು? ಆಗ ಮನೇಲಿ ಎಲ್ಲಾ ಸರಿ ಇದೆ ಅಂದ್ಯಲ್ಲ!"

"ಎಲ್ಲಾ ಇದೆ ಅಂದೆ. ಸರಿ ಇದೆ ಅಂದಿಲ್ಲ."

ವಾರಗಿತ್ತಿಯ ಮುಖದ ಬಣ್ಣ ಇಳಿಯಿತು. "ನಿಂಗೆ ಗೊತ್ತಿತ್ತಾ?"

ಓದೋ ಕನ್ನಡಕ ಹಾಕಿರಲಿಲ್ಲ, ಸೀಲು ಕಾಣಲಿಲ್ಲ ಅಂದುಬಿಡಬಹುದಿತ್ತು ಫೈಲಮ್ಮ. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಗೊತ್ತಿತ್ತು."

"ಥೂ! ಕಣ್ಣಿಲ್ಲದೋರ ಹೊಟ್ಟೆ ಮೇಲೆ ಹೊಡೀತೀಯಲ್ಲ, ನೀನು ಹೆಂಗಸಾ?"

"ಕಾಲಿಲ್ಲದೋಳ ಕುರ್ಚಿ ಬಚ್ಚಿಟ್ಯಲ್ಲ, ನೀನ್ಯಾರು? ನಲವತ್ತು ಫಾರಂ ಹಂಚಿದ್ಯಲ್ಲೇ, ನಲವತ್ತು! ಒಂದು ನನ್ನ ಮಗಳಿಗೆ ತಂದಿದ್ರೆ ನಿನ್ನ ಕೈ ಬಿದ್ದೋಗ್ತಿತ್ತಾ?"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

"ಯಾವ ಕುರ್ಚಿ?" ಅಂದ ಮೈದುನ.

ಇವನಿಗೆ ಗೊತ್ತೇ ಇಲ್ಲ ಅನ್ನುವುದು ಫೈಲಮ್ಮನಿಗೆ ಆಗಲೇ ಹೊಳೆದದ್ದು. ಒಂಬತ್ತು ವರ್ಷ ಅವನನ್ನೂ ಸೇರಿಸಿಯೇ ಶಪಿಸಿದ್ದಳು.

"ನಾನು ಹಳೇ ಹಲಗೆಗೆ ಮೊಳೆ ಹೊಡೀತಾ ಕೂತಿದ್ನಲ್ಲ, ಆಗ ಕುರ್ಚಿ ಇತ್ತಾ?" ಅವನು ಹೆಂಡತಿಯ ಕಡೆಗೆ ಮುಖ ತಿರುಗಿಸಿದ. ಮುಖ ಒಂದು ಗೇಣು ಆಚೆಗೆ, ಗೋಡೆಯತ್ತ ನಿಂತಿತು. ಅವನು ಮಣಿಕಟ್ಟು ಬಿಡಿಸಿಕೊಂಡ. "ಅದನ್ನ ಮನೇಲಿ ಕೇಳ್ತೀನಿ. ಅತ್ತಿಗೆ, ನೀವೂ ಅಷ್ಟೆ. ನಿಮ್ಮ ಜಗಳಕ್ಕೆ ನನ್ನ ಕಾಗದಾನೇ ಬೇಕಿತ್ತಾ? ಈಗ ಸೀಲು ಎಲ್ಲಿ ಹೊಡೀತಾರೆ, ಹೇಳಿ."

"ನನ್ನ ಮೊಣಕೈ ಹಿಡ್ಕೊಳ್ಳಿ," ಅಂದಳು ಫೈಲಮ್ಮ. "ನಾನು ಮುಂದೆ, ನೀವು ಅರ್ಧ ಹೆಜ್ಜೆ ಹಿಂದೆ. ಮೆಟ್ಟಿಲು ಬಂದ್ರೆ ನನ್ನ ಕೈ ಇಳಿಯೋದು ನಿಮಗೇ ಗೊತ್ತಾಗುತ್ತೆ. ಎಳೆಯೋಕೆ ನೀವೇನು ಹಸುವಾ?"

ಕೊನೆಯ ಮಾತು ಯಾರಿಗೆ ಹೇಳಿದ್ದೋ ಅವರಿಗೆ ಸರಿಯಾಗಿಯೇ ನಾಟಿತು.

ಆಸ್ಪತ್ರೆಯಲ್ಲಿ ಡಾಕ್ಟರ ಬಾಗಿಲ ಮುಂದೆ ಐವತ್ತು ಜನ. ಫೈಲಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಸೀಲು ಇರುವುದು ಕೆಳಗಿನ ದಾಖಲೆ ಕೋಣೆಯ ಗುಮಾಸ್ತನ ಡ್ರಾಯರಿನಲ್ಲಿ. ಆ ಗುಮಾಸ್ತ ಗೊಣಗಿದ, ಇವಳು ಎರಡರಷ್ಟು ಗೊಣಗಿದಳು. ಸೀಲು ಬಿತ್ತು. ಈ ಸಲ ನೇರ ಮೈದುನನ ಫೋಟೋದ ಎಡಗೆನ್ನೆಯ ಮೇಲೆ. ಕಚೇರಿಯ ಹಿಂದಿನ ಕಿಟಕಿಗೆ ಕಾಗದ ತೂರಿಸಿದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಎಂಟು ಸೀಟಿನಲ್ಲಿ ಉಳಿದಿದ್ದ ಕೊನೆಯದು ಸಿಕ್ಕಿತು.

ಸೀಟು ಸಿಕ್ಕ ಚೀಟಿಯನ್ನು ಕಸಿದು ಬ್ಯಾಗಿಗೆ ತುರುಕುತ್ತಾ ವಾರಗಿತ್ತಿ ಅಂದಳು, "ಇನ್ಮೇಲೆ ನಮ್ಮನೆ ಹೊಸ್ತಿಲು ತುಳೀಬೇಡ."

"ಯಾವಾಗ ತುಳಿದಿದ್ದೆ? ಸೋಮವಾರ ಹತ್ತು ಗಂಟೆಗೆ ಇಲ್ಲೇ ಕೋಲು ಕೊಡ್ತಾರೆ. ಇನ್ನೂ ಎರಡು ಫೋಟೋ ಕೇಳ್ತಾರೆ, ತಾ. ನನ್ನ ನಂಬರ್ ಬ್ಲಾಕಿಂದ ಬಿಡಿಸು, ಬೇಕಾಗುತ್ತೆ."

"ಬಿಡಿಸಲ್ಲ."

"ಬಿಡಿಸಬೇಡ. ಬಂದು ಬಾಗಿಲು ತಟ್ಟು, ಇವತ್ತಿನ ಥರ."

ವಾರಗಿತ್ತಿ ಗಂಡನ ಮಣಿಕಟ್ಟಿಗೆ ಕೈ ಹಾಕಿದಳು. ಅವನು ಹಿಂದಕ್ಕೆಳೆದುಕೊಂಡ. ಅವಳು ಫೈಲಮ್ಮನನ್ನು ಸುಟ್ಟುಬಿಡುವ ಹಾಗೆ ನೋಡುತ್ತಾ, ಮೊಣಕೈ ಮುಂದೆ ಮಾಡಿದಳು. ಅವನು ಅದನ್ನು ಹುಡುಕಿ ಹಿಡಿಯಲು ಬೇಕೆಂದೇ ತಡಮಾಡಿದ.