ಹೋಗ್ಲಿ ಬಿಡು

ಹಾಸ್ಟೆಲ್ಲಿನ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ತಲೆಗೂದಲು ಒಣಗಿಸುತ್ತ ಕೂತಿದ್ದ ಒಂದು ಭಾನುವಾರ ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಈಗಿನ ವಾರ್ಡನ್‌ನಿಂದ ಗುಬ್ಬಿ ಮಾತು ತೆಗೆದುಕೊಂಡಿದ್ದಳು. ಗುಬ್ಬಿ ಅವಳ ರೂಮ್‌ಮೇಟು. ತಿನ್ನುವುದರಲ್ಲೂ ಗಾತ್ರದಲ್ಲೂ ಗುಬ್ಬಿಯೇ.

"ನೀನು ಯಾವತ್ತಾದ್ರೂ ಈ ಹಾಸ್ಟೆಲ್ಲಿಗೆ ವಾರ್ಡನ್ ಆದ್ರೆ, ಅಳ್ತಾ ಬಂದ ಹುಡುಗಿಗೆ 'ಹೋಗ್ಲಿ ಬಿಡು' ಅನ್ನಬಾರದು."

"ನಾನು ವಾರ್ಡನ್ನಾ? ನನ್ನ ಹಾಸಿಗೇನೇ ನಾನು ಮಡಚಲ್ಲ, ಊರವರ ಮಕ್ಕಳನ್ನ ನೋಡ್ಕೋತೀನಾ?"

"ತಮಾಷೆ ಸಾಕು ಕಣೆ. ಅನ್ನಲ್ಲ ಅಂತ ಹೇಳು."

"ಅನ್ನಲ್ಲ. ನಿನ್ನಾಣೆ."

ಅದರ ಹಿಂದಿನ ವಾರ ಲ್ಯಾಬಿನ ಮೇಷ್ಟ್ರು ಸ್ಟೋರ್ ರೂಮಿನಲ್ಲಿ ಗುಬ್ಬಿಯ ಮೈಮೇಲೆ ಕೈ ಹಾಕಿದ್ದರು. ಅವಳು ಓಡಿಬಂದದ್ದು ಆಗಿನ ವಾರ್ಡನ್ ಹತ್ತಿರ. ಆಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು, ಪ್ರಿನ್ಸಿಪಾಲರು ಕೂಡ. ದೊಡ್ಡಮ್ಮ ಗುಬ್ಬಿಯನ್ನು ತಬ್ಬಿಕೊಂಡರು. ತಾವೇ ನೀರು ಕಾಯಿಸಿ ಸ್ನಾನಕ್ಕೆ ಕೊಟ್ಟರು, ಒದ್ದೆ ಕೂದಲಿನ ಸಿಕ್ಕು ಬಿಡಿಸಿದರು. ಗುಬ್ಬಿ ಬಿಕ್ಕುತ್ತ ಹೇಳಲು ಶುರುಮಾಡಿದಾಗ ಅವಳ ಬೆನ್ನು ಸವರಿ, "ಹೋಗ್ಲಿ ಬಿಡು ಮಗಳೆ, ಬಾಯಿ ಬಿಟ್ರೆ ಬಣ್ಣಗೇಡು" ಎಂದರು. ಹೇಳಬೇಕಾದದ್ದು ಇನ್ನೂ ಅರ್ಧ ಉಳಿದಿತ್ತು. ಅದನ್ನು ಗುಬ್ಬಿ ಆಮೇಲೂ ದೊಡ್ಡಮ್ಮನಿಗೆ ಹೇಳಲಿಲ್ಲ.

"ಬೈದಿದ್ರೆ ಜಗಳ ಆಡಬಹುದಿತ್ತು" ಎಂದಿದ್ದಳು ಗುಬ್ಬಿ ತಾರಸಿಯಲ್ಲಿ. "ಮುದ್ದು ಮಾಡೋರ ಹತ್ರ ಹೇಗೆ ಜಗಳ ಆಡೋದು?"

ಮೇಷ್ಟ್ರು ನಿವೃತ್ತಿಯವರೆಗೂ ಅದೇ ಲ್ಯಾಬಿನಲ್ಲಿ ಕೆಲಸ ಮಾಡಿದರು. ಗುಬ್ಬಿ ಪಾಸಾಗಿ ಎಲ್ಲೋ ದೂರಕ್ಕೆ ಮದುವೆಯಾಗಿ ಹೋದಳು. ಹಾಸಿಗೆ ಮಡಚದಿದ್ದವಳು ಎರಡು ಮಕ್ಕಳ ತಾಯಾಗಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಸುತ್ತಿ ಬಳಸಿ ದೊಡ್ಡಮ್ಮನ ಕುರ್ಚಿಗೇ ಬಂದು ಕೂತಳು.

ಈಗ ತರಬೇತಿ. ಹುಡುಗಿಯರಾಗಲಿ ಹುಡುಗರಾಗಲಿ, ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಬಂದು ಹೇಳಿದರೆ ಸಿಬ್ಬಂದಿ ಹೇಗೆ ನಡೆದುಕೊಳ್ಳಬೇಕು ಎಂದು ಕಲಿಸಲು ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ಜಾಗ ಕೆಳಗಿನ ಹಳೆಯ ಓದುಕೋಣೆ. ವಾರ್ಡನ್‌ಗೆ ಆ ಕೋಣೆಯ ಒಳಗೆ ಕಾಲಿಟ್ಟರೆ ಸಾಕು, ವಯಸ್ಸು ಇಳಿದುಬಿಡುತ್ತದೆ. ಈ ಉದ್ದನೆಯ ಬೆಂಚಿನ ತುದಿಯಲ್ಲಿ ಗುಬ್ಬಿ ತೂಕಡಿಸುತ್ತಿದ್ದಳು. ಪರೀಕ್ಷೆಯ ಕಾಲದಲ್ಲಿ ಒಂದೇ ಶಾಲು ಇಬ್ಬರ ಹೆಗಲಿಗೆ. ಫ್ಯಾನು ಆಗಲೂ ಹೀಗೇ ಕಟಕಟ ಎನ್ನುತ್ತಿತ್ತು. ಅದರ ಕೆಳಗೆ ಕೂತವಳು ಫೇಲಾಗುತ್ತಾಳೆ ಎಂಬ ನಂಬಿಕೆಯಿಂದ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಇವತ್ತು ಅಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ನೆಮ್ಮದಿಯಾಗಿ ಕೂತಿದ್ದರು. ಗೋಡೆಯ ಮೇಲೆ ದೊಡ್ಡಮ್ಮನ ಫೋಟೋ, ಈಗಲೂ ಊಟವಾಯಿತೇ ಎಂದು ಕೇಳುವ ಮುಖ.

ಮೇಡಂ ಬೋರ್ಡಿನ ಮೇಲೆ ಆಡಬಾರದ ಮಾತುಗಳನ್ನು ಬರೆದರು. ಅಲ್ಲಿಗೆ ಯಾಕೆ ಹೋದೆ. ಒಬ್ಬಳೇ ಇದ್ದೆಯಾ. ಇಷ್ಟು ದಿನ ಯಾಕೆ ಹೇಳಲಿಲ್ಲ.

"ಮೇಡಂ, ಇದೆಲ್ಲಾ ಬಿಟ್ರೆ ನಮಗೆ ಉಳಿಯೋದೇನು?" ಎಂದರು ಸೂಪರಿಂಟೆಂಡೆಂಟ್.

"ಕಿವಿ ಸರ್."

"ನಮ್ಮ ಮನೆಯವಳೂ ಅದನ್ನೇ ಹೇಳ್ತಾಳೆ. ಅವಳಿಗೆ ಯಾರು ತರಬೇತಿ ಕೊಟ್ರೋ ಗೊತ್ತಿಲ್ಲ."

ನಗು ಇಳಿದ ಮೇಲೆ ಮೇಡಂ ಹೇಳಿದರು, "ಪೂರ್ತಿ ಕೇಳಿ. ನಂಬಿ. ಯಾರಿಗೂ ಹೇಳಲ್ಲ ಅಂತ ಸುಮ್ಮನೆ ಮಾತು ಕೊಡಬೇಡಿ, ದೂರು ಕೊಟ್ರೆ ಯಾರಿಗೆ ಗೊತ್ತಾಗುತ್ತೆ ಅಂತ ಮೊದಲೇ ಹೇಳಿ. ಹದಿನೆಂಟು ತುಂಬಿದವರಾದ್ರೆ ಮುಂದೇನು ಅನ್ನೋದನ್ನ ಅವರೇ ತೀರ್ಮಾನ ಮಾಡ್ಲಿ."

ಬೋರ್ಡಿನ ಮೇಲೆ 'ಹೋಗ್ಲಿ ಬಿಡು' ಇರಲಿಲ್ಲ. ಸೇರಿಸಿ ಎನ್ನಲು ವಾರ್ಡನ್ ಬಾಯಿ ತೆರೆದಳು. ಫೋಟೋ ಕಂಡಿತು. ಆ ಕೋಣೆಯಲ್ಲಿ ದೊಡ್ಡಮ್ಮನ ಕೈತುತ್ತು ತಿಂದವರು ಇನ್ನೂ ಇದ್ದರು. ಇರಲಿ, ನನಗೆ ಗೊತ್ತಿದ್ದರೆ ಸಾಕು, ನಾನಂತೂ ಆಡುವವಳಲ್ಲ ಎಂದುಕೊಂಡಳು. ಆದರೆ ಮನೆಯಲ್ಲಿ ಹಾಲು ಚೆಲ್ಲಿದರೆ, ಮಗನಿಗೆ ಅಂಕ ಕಡಿಮೆ ಬಂದರೆ, ಮಗಳು ಗೆಳತಿಯ ಜೊತೆ ಟೂ ಬಿಟ್ಟು ಅತ್ತರೆ ಅವಳ ಬಾಯಲ್ಲಿ ಬರುವುದು ಅದೇ. ದಣಿದ ತಾಯಿಯ ಬಾಯಿಂದ ಆ ಮಾತು ಉಸಿರಿನ ಹಾಗೆ ಹೊರಡುತ್ತದೆ, ಅವಳ ಅಪ್ಪಣೆಗೆ ಕಾಯುವುದಿಲ್ಲ.

ಆಮೇಲೆ ಜೋಡಿ ಜೋಡಿಯಾಗಿ ಅಭಿನಯ. ಒಬ್ಬರು ವಿದ್ಯಾರ್ಥಿನಿ, ಒಬ್ಬರು ಸಿಬ್ಬಂದಿ. ಯಾರು ಏನು ಹೇಳಬೇಕೆಂದು ಚೀಟಿ ಕೊಟ್ಟರು. ವಾರ್ಡನ್‌ಗೆ ಜೋಡಿಯಾದವಳು ಕಾಮರ್ಸ್ ಕಲಿಸುವ ಹೊಸ ಟೀಚರ್. ಕೆಲವೇ ವರ್ಷಗಳ ಹಿಂದೆ ಇದೇ ಹಾಸ್ಟೆಲ್ಲಿನ ಹುಡುಗಿ. ಅವಳ ಬಾಯಿಗೆ ಹೆದರಿ ಎಲ್ಲರೂ ಅವಳಿಗೆ ಪಟಾಕಿ ಎಂದು ಹೆಸರಿಟ್ಟಿದ್ದರು. ಕೊನೆಯ ವರ್ಷ ಮಾತ್ರ ಪಟಾಕಿ ತಣ್ಣಗಾಗಿದ್ದಳು. ಪರೀಕ್ಷೆಯ ಭಯ ಎಂದುಕೊಂಡಿದ್ದಳು ವಾರ್ಡನ್.

"ಅಕ್ಕ, ನಗಬಾರದು ಮತ್ತೆ" ಎಂದು ಪಟಾಕಿ ಚೀಟಿ ನೋಡಿಕೊಂಡು ಶುರುಮಾಡಿದಳು. "ನಿನ್ನೆ ಕ್ಯಾಂಟೀನಿನಲ್ಲಿ ಒಬ್ಬ ಸೀನಿಯರ್ ನನ್ನ ಕೈ ಹಿಡಿದು ಎಳೆದ."

"ಹೇಳಮ್ಮ, ಕೇಳ್ತಿದ್ದೀನಿ."

"ಚೆನ್ನಾಗಿ ಮಾಡ್ತೀರ ಅಕ್ಕ." ನಕ್ಕಳು. ಚೀಟಿ ಮಡಚಿದಳು, ಇನ್ನೊಮ್ಮೆ ಮಡಚಿದಳು. "ಬಿಡಿಸ್ಕೊಂಡು ಬಂದೆ. ಅವನು ಹಿಂದೇನೇ ಬಂದ. ಕರೆಂಟ್ ಬೇರೆ ಹೋಗಿತ್ತು, ಗೇಟಲ್ಲೂ ಯಾರೂ ಇರಲಿಲ್ಲ. ತಾರಸಿಗೆ ಹೋಗೋ ಮೆಟ್ಟಿಲ ಹತ್ರ, ಮುರಿದ ಮಂಚ ಎಲ್ಲ ಹಾಕಿದ್ರಲ್ಲ, ಅಲ್ಲಿ..."

ಚೀಟಿಯ ಇನ್ನೊಂದು ಪ್ರತಿ ವಾರ್ಡನ್ ಕೈಯಲ್ಲೇ ಇತ್ತು. ಅದರಲ್ಲಿ ಮೆಟ್ಟಿಲಿರಲಿಲ್ಲ. ಮೆಟ್ಟಿಲ ಹತ್ತಿರ ಮುರಿದ ಮಂಚ ಹಾಕಿದ್ದದ್ದಂತೂ ಈ ಹಾಸ್ಟೆಲ್ಲಿನಲ್ಲೇ. ಅವನ್ನು ಅಲ್ಲಿ ಹಾಕಿಸಿದವಳು ವಾರ್ಡನ್ನೇ. ಸುತ್ತಲೂ ಉಳಿದ ಜೋಡಿಗಳ ಗಲಗಲ. ಮೇಡಂ ಆ ತುದಿಯಲ್ಲಿ ಸೂಪರಿಂಟೆಂಡೆಂಟರನ್ನು ತಿದ್ದುತ್ತಿದ್ದರು.

"ನಾನು ಕೂಗಿದೆ ಅಕ್ಕ. ಕೂಗಿದೆ ಅಂದ್ಕೊಂಡೆ. ಧ್ವನಿ ಬಂತೋ ಇಲ್ವೋ..."

ಪಟಾಕಿಯ ಗದ್ದ ನಡುಗಿತು. ವಾರ್ಡನ್ ಚೀಟಿಯನ್ನು ಬೆಂಚಿನ ಮೇಲೆ ಬಿಟ್ಟಳು. ಎದ್ದಳು, ಬೆಂಚು ಸುತ್ತಿ ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು, ಬೆನ್ನು ಸವರಿದಳು. ಮಕ್ಕಳು ಬಿದ್ದಾಗ ಎತ್ತಿಕೊಳ್ಳುವ ಕೈಗಳು ಅವು, ಅವಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ಕೈಗಳ ಜೊತೆಗೇ ಬಾಯಿಯೂ ಹೊರಟಿತು.

"ಹೋಗ್ಲಿ ಬಿಡು ಮಗಳೆ. ಹೋಗ್ಲಿ ಬಿಡು."

ಪಟಾಕಿ ಮೆಲ್ಲಗೆ ಬಿಡಿಸಿಕೊಂಡು ಕೂದಲು ಸರಿಮಾಡಿಕೊಂಡಳು. "ಹೌದಕ್ಕ" ಎಂದಳು. ಮಡಚಿದ ಚೀಟಿಯನ್ನು ಬಿಚ್ಚಿ ಸಾಲು ಹುಡುಕಿ ಓದಿದಳು, "ಕ್ಯಾಂಟೀನಿನ ಮ್ಯಾನೇಜರ್‌ಗೆ ಹೇಳಿದೆ, ಅವರು ಕಿವಿಗೆ ಹಾಕ್ಕೊಳ್ಳಲಿಲ್ಲ."

ಉಳಿದದ್ದೆಲ್ಲ ಚೀಟಿಯಲ್ಲಿದ್ದಂತೆಯೇ ಇತ್ತು.

ಟೀ ಹೊತ್ತಿನಲ್ಲಿ ವಾರ್ಡನ್ ಅವಳನ್ನು ಕಿಟಕಿಯ ಹತ್ತಿರ ಹಿಡಿದಳು.

"ಮೆಟ್ಟಿಲಿನ ವಿಷಯ ಚೀಟಿಯಲ್ಲಿರಲಿಲ್ಲ ಕಣೆ."

"ಅಭಿನಯ ಅಕ್ಕ. ನೀವು ನಂಬೇಬಿಟ್ರಾ?"

"ನಂಬಿದೆ."

ಪಟಾಕಿ ಉಳಿದ ಟೀಯನ್ನು ಒಂದೇ ಗುಟುಕಿಗೆ ಕುಡಿದಳು.

"ನಾನು ಆ ಮಾತು ಆಡಬಾರದಿತ್ತು" ಎಂದಳು ವಾರ್ಡನ್. "ಅದು ಹೋಗೋ ವಿಷಯ ಅಲ್ಲ, ನೀನು ಬಿಡಬೇಕಾಗೂ ಇಲ್ಲ. ನಿನಗೆ ಯಾವಾಗ ಬೇಕು ಅನ್ಸುತ್ತೋ ಆಗ ಬಾ. ನನ್ನ ಹತ್ರ ಬೇಡ ಅನ್ಸಿದ್ರೆ ಆ ಮೇಡಂ ಹತ್ರ ಹೋಗು. ಬೇಕಿದ್ರೆ ಬಾಗಿಲವರೆಗೆ ನಾನೂ ಬರ್ತೀನಿ."

"ನೋಡೋಣ ಅಕ್ಕ. ಕ್ಲಾಸಿದೆ."

ಅವಳು ಲೋಟ ತೊಳೆದಿಟ್ಟು ಹೋದಳು. ಗುಬ್ಬಿಗೆ ಕೊಟ್ಟ ಮಾತು ಮುರಿದಿತ್ತು.