ಹನ್ನೊಂದು ಬಿಳಿ ಟೋಪಿಗಳು

ಅಕಾಯಿತಿ ಚರ್ಚಿನ ಅಡುಗೆಮನೆಯಿಂದ ಹಿಂತಿರುಗಿದಾಗ ಟೋಪಿಗಳ ಕೋಣೆಯಲ್ಲಿ ಮಂಚದ ಮೇಲಿನ ಹಾಸಿಗೆ ಕಾಣಿಸುತ್ತಿತ್ತು. ಹದಿನಾಲ್ಕು ವರ್ಷಗಳಿಂದ ಅದನ್ನು ಯಾರೂ ಕಂಡಿರಲಿಲ್ಲ.

"ಮುಗಿಸಿಬಿಟ್ಟೆ ಅತ್ತೆ," ಎಂದಳು ಸೊಸೆ ರೆಪೆಕಾ, ಕತ್ತಿನ ಬೆವರು ಒರೆಸುತ್ತ. "ನೀವು ಅಲ್ಲಿ ಬೆಳಗ್ಗೆಯಿಂದ ಕೆಸುವಿನ ಗಡ್ಡೆ ಹೆರೆದು ಬರ್ತೀರಿ, ಮತ್ತೆ ಇಲ್ಲೂ ಯಾಕೆ ಸೊಂಟ ಮುರ್ಕೋಬೇಕು ಅಂತ ಆಫೀಸಿಗೆ ರಜೆ ಹಾಕಿದೆ."

ಮರುದಿನ ದೂರದ ಉತ್ತರದ ಟೋಂಗರೇವಾ ದ್ವೀಪದಿಂದ ಹಡಗು ಬರುವುದಿತ್ತು. ಇಲ್ಲಿ ರಾರೊಟೋಂಗಾ ದ್ವೀಪದ ಚರ್ಚಿಗೆ ಹೊಸ ಸಭಾಂಗಣ ಕಟ್ಟಿದ್ದರು. ಅದರ ಉದ್ಘಾಟನೆಗೆ ಅರವತ್ತು ಜನ ನೆಂಟರು. ಅಕಾಯಿತಿಯ ಮನೆಗೆ ಎಂಟು ಹೆಂಗಸರು ಎಂದು ಗೊತ್ತುಮಾಡಿದ್ದರು. ಅವರು ಮಲಗಬೇಕೆಂದರೆ ಎಂಬತ್ತಾರು ಟೋಪಿಗಳು ಜಾಗ ಬಿಡಲೇಬೇಕು.

ರೆಪೆಕಾ ಅಚ್ಚುಕಟ್ಟಾಗಿ ಮಾಡಿದ್ದಳು. ಹಿಂದಿನ ಜಗಲಿಯಲ್ಲಿ ಹೊಸ ಹಲಗೆಗಳನ್ನು ಹೊಡೆಸಿ ಕರಿ, ಕಂದು, ಬಣ್ಣದವು ಎಂದು ಸಾಲಾಗಿ ಇಟ್ಟಿದ್ದಳು. ಮುಚ್ಚಿದ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ, ಒಂದರೊಳಗೊಂದು ತುರುಕಿದರೆ ಅಂಚು ಬಾಗುತ್ತದೆ ಎಂದು ಅತ್ತೆ ಹೇಳಿದ್ದೆಲ್ಲ ಅವಳಿಗೆ ನೆನಪಿತ್ತು. ಎಲ್ಲವೂ ಬಾಯಿ ಮೇಲೆ ಮಾಡಿ ಕುಳಿತಿದ್ದವು. ತೆಂಗಿನ ಸುಳಿಗರಿಯಿಂದ ಹೆಣೆದ ಹನ್ನೊಂದು ಬಿಳಿ ಟೋಪಿಗಳು ಮಾತ್ರ ಒಗೆದ ದಿಂಬಿನ ಚೀಲಗಳೊಳಗೆ ಬೇರೆಯೇ ಇದ್ದವು.

ಅಕಾಯಿತಿ ಒಂದನ್ನು ಹೊರತೆಗೆದು ಒಳಗೆ ಬೆರಳಾಡಿಸಿದಳು.

"ಇದ್ರೊಳಗೆ ಬಟ್ಟೆ ಚೀಟಿ ಇತ್ತಲ್ಲ?"

"ಪಿನ್ನೆಲ್ಲ ತುಕ್ಕು ಹಿಡಿದಿತ್ತು ಅತ್ತೆ. ಟೋಪಿಗೆ ಕಲೆ ಹತ್ತುತ್ತೆ ಅಂತ ಬಿಚ್ಚಿದೆ. ಒಂದನ್ನೂ ಬಿಸಾಕಿಲ್ಲ, ನೋಡಿ." ಬಿಸ್ಕತ್ತಿನ ಡಬ್ಬಿಯ ತುಂಬ ಚೀಟಿಗಳು. ಯಾರು ಹೆಣೆದದ್ದು, ಯಾವ ವರ್ಷ ಕೊಟ್ಟದ್ದು ಎಂದು ಅಕಾಯಿತಿಯೇ ಬರೆದವು.

ಉಳಿದವುಗಳ ಚಿಂತೆ ಇರಲಿಲ್ಲ. ಅವು ಒಂದೊಂದೂ ಅವಳಿಗೆ ಮುಖಪರಿಚಯ. ಆದರೆ ಬಿಳಿಯವು ಹನ್ನೊಂದೂ ಉತ್ತರದ ದ್ವೀಪಗಳ ಹೆಂಗಸರ ಕೈಯವು, ನೋಡಲು ಒಂದೇ ಥರ. ಅವುಗಳಲ್ಲೊಂದು ತಿಪೋರಾಳದು. ಹತ್ತೊಂಬತ್ತು ವರ್ಷದ ಹಿಂದೆ ತಿಪೋರಾ ಕಾಯಿಲೆಯ ಮಗಳನ್ನು ಇಲ್ಲಿನ ಆಸ್ಪತ್ರೆಗೆ ಕರೆತಂದು ಎರಡು ತಿಂಗಳು ಇದೇ ಮನೆಯಲ್ಲಿದ್ದಳು, ಹೊರಡುವಾಗ ಅದನ್ನು ಕೊಟ್ಟಿದ್ದಳು. ಒಳ್ಳೆಯ ದಿನಕ್ಕಿರಲಿ ಎಂದು ಅಕಾಯಿತಿ ಅದನ್ನು ಒಮ್ಮೆಯೂ ತಲೆಗಿಟ್ಟಿರಲಿಲ್ಲ. ನಾಳೆಯ ಎಂಟು ಜನರಲ್ಲಿ ತಿಪೋರಾಳೂ ಒಬ್ಬಳು.

ಹೆಣೆದವಳು ಮನೆಗೆ ಬಂದರೆ ಭಾನುವಾರ ಚರ್ಚಿಗೆ ಅವಳ ಟೋಪಿಯನ್ನೇ ಧರಿಸಬೇಕು. ಬೇರೊಬ್ಬಳದನ್ನು ಧರಿಸಿದರೆ ನಿನ್ನದು ನನಗೆ ಹಿಡಿಸಲಿಲ್ಲ ಎಂದು ಊರೆದುರು ಹೇಳಿದಂತೆ. ಹೆಣೆಯುವವರಿಗೆ ತಮ್ಮ ಕೈಕೆಲಸ ಆಚೆ ಸಾಲಿನ ಬೆಂಚಿನಿಂದಲೂ ಗೊತ್ತಾಗುತ್ತದೆ.

ರೆಪೆಕಾಳಿಗೆ ವಿಷಯ ತಿಳಿದಾಗ ಮುಖ ಸಣ್ಣದಾಯಿತು. "ನಾನು ಹಾಳುಮಾಡಿದೆ ಅಲ್ವಾ?"

"ತುಕ್ಕು ಹಿಡಿಯೋ ಪಿನ್ನು ಚುಚ್ಚಿದ್ದು ನಾನು. ಹೋಗು, ಕೈಕಾಲು ತೊಳ್ಕೊಂಡು ಊಟಮಾಡು."

ಊಟಕ್ಕೆ ಅಕಾಯಿತಿ ಕೂರಲೇ ಇಲ್ಲ. ಹನ್ನೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು, ತಲೆಗಿಟ್ಟು ಕನ್ನಡಿಯೆದುರು ನಿಂತಳು. ಒಮ್ಮೆ ಮೂರನೆಯದು ಎನ್ನಿಸಿತು. ಒಲೆಯ ಮೇಲಿನ ಮೀನು ತಿರುವಿ ಬರುವಷ್ಟರಲ್ಲಿ ಏಳನೆಯದು.

"ಭಾನುವಾರ ತಲೆನೋವು ಅಂತ ಮನೇಲೇ ಇದ್ಬಿಡಿ ಅತ್ತೆ."

"ಎಂಟು ನೆಂಟರನ್ನಿಟ್ಕೊಂಡು ತಲೆನೋವೇ? ಎಂಟು ಥರ ಕಷಾಯ ಕುಡಿಸ್ತಾರೆ, ಆಮೇಲೆ ಎತ್ಕೊಂಡಾದ್ರೂ ಚರ್ಚಿಗೆ ಒಯ್ತಾರೆ."

ಗುರುವಾರ ಹಡಗು ಬಂತು. ತಿಪೋರಾ ತೆಳ್ಳಗಾಗಿದ್ದಳು, ಕೈಯಲ್ಲಿ ಕೋಲು ಬಂದಿತ್ತು. ಹೂಮಾಲೆ ಹಾಕಿಸಿಕೊಂಡು, "ಅಕಾಯಿತಿ, ನೀನು ಊದ್ಕೊಂಡಿದ್ದೀ, ನಾನು ಒಣಗಿದ್ದೀನಿ. ಇಬ್ಬರನ್ನೂ ಕಲಸಿ ಪಾಲು ಮಾಡಿದ್ರೆ ಸರಿಹೋಗ್ತಿತ್ತು," ಎಂದಳು. ಅಕಾಯಿತಿ ನಕ್ಕು ಅವಳ ಗಂಟುಮೂಟೆ ಎತ್ತಿಕೊಂಡಳು.

ಶುಕ್ರವಾರವಿಡೀ ಇಬ್ಬರೂ ದೀವಿಹಲಸು ಸುಡುತ್ತ, ಕಾಯಿ ತುರಿಯುತ್ತ ಊರೆಲ್ಲದರ ಮಾತಾಡಿದರು. ಟೋಪಿಯ ಮಾತನ್ನು ಇವಳೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ತಿಪೋರಾಳ ಕಣ್ಣು ಮಾತ್ರ ಆಗಾಗ ಜಗಲಿಯ ಕಡೆ ಹೋಗಿ ಬರುತ್ತಿತ್ತು. ಪ್ರತಿಸಲ ಅಕಾಯಿತಿ ಬೇರೆ ಮಾತು ತೆಗೆಯುತ್ತಿದ್ದಳು. ರಾತ್ರಿ ನಿದ್ದೆ ಬರಲಿಲ್ಲ. ಹೇಗಾದರೂ ಮೂರನೆಯದನ್ನೇ ಧರಿಸಿಬಿಡುತ್ತೇನೆ ಎಂದುಕೊಂಡಳು, ಬೆಳಗಾಗುವಾಗ ಅದು ಮೋಸವೆನ್ನಿಸಿತು.

ಶನಿವಾರ ಮಧ್ಯಾಹ್ನ ಉಳಿದವರು ಹಾಡಿನ ಅಭ್ಯಾಸಕ್ಕೆ ಹೋದಾಗ ಅವಳು ತಿಪೋರಾಳ ಕೈಹಿಡಿದು ಜಗಲಿಗೆ ಕರೆತಂದಳು.

"ಅಕ್ಕ, ಒಂದು ತಪ್ಪಾಗಿದೆ. ಇದರಲ್ಲಿ ನಿನ್ನದು ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ."

ರೆಪೆಕಾ ಬಾಗಿಲಲ್ಲೇ ನಿಂತು, "ಚೀಟಿ ಬಿಚ್ಚಿದ್ದು ನಾನು, ಅತ್ತೆ ಅಲ್ಲ," ಎಂದಳು.

ತಿಪೋರಾ ಕೋಲನ್ನು ಗೋಡೆಗೆ ಒರಗಿಸಿ ಕುಳಿತಳು. ಮೊದಲನೆಯದನ್ನು ಎತ್ತಿ ಅಂಚಿನುದ್ದಕ್ಕೂ ಹೆಬ್ಬೆರಳು ಸರಿಸಿದಳು. "ಇದು ಮನಿಹಿಕಿ ದ್ವೀಪದವರದು. ಗಂಟು ಒಳಗೆ ಬಚ್ಚಿಡ್ತಾರೆ, ಜಿಪುಣಿಯರು." ಎರಡನೆಯದು. "ಇವಳಿಗೆ ಎಡಗೈ ವಾಟ." ರೆಪೆಕಾ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಳು, ತಿಪೋರಾ ಒಂದೊಂದೂ ಯಾರದೆಂದು ಹೇಳಿದಂತೆ ಆಯಾ ಚೀಟಿ ಹುಡುಕಿ, ಈ ಸಲ ಪಿನ್ನು ಬಿಟ್ಟು ಸೂಜಿದಾರದಿಂದ ಹೊಲಿಯತೊಡಗಿದಳು. ಮೂರನೆಯದು ಹೋಯಿತು, ಏಳನೆಯದೂ ಹೋಯಿತು.

ಒಂಬತ್ತನೆಯದನ್ನು ತಿಪೋರಾ ಎತ್ತಿದವಳೇ ಕೆಳಗಿಟ್ಟಳು.

"ಇದೇ. ಇನ್ನೂ ಇಟ್ಕೊಂಡಿದ್ದೀಯಾ?"

"ಇಟ್ಕೊಳ್ಳದೆ?"

"ಇದನ್ನ ನಾಳೆ ತಲೆಗಿಟ್ಕೋಬೇಡ ತಂಗಿ. ಹಡಗು ಹತ್ತಿದಾಗಿಂದ ನನಗೆ ಇದೇ ಯೋಚನೆ. ಕತ್ತರಿ ಕೊಡು, ಅಂಚಾದ್ರೂ ಬಿಚ್ಚಿ ಮತ್ತೆ ಹೆಣೀತೀನಿ."

"ಏನಾಗಿದೆ ಇದಕ್ಕೆ?"

ತಿಪೋರಾ ಅವಳ ಬೆರಳನ್ನು ಹಿಡಿದು ಅಂಚಿನ ಮೇಲಿಟ್ಟಳು. ಒಂದು ಕಡೆ ಹೆಣಿಗೆ ಕಲ್ಲಿನಂತೆ ಬಿಗಿ. ಅಲ್ಲಿಂದ ಮುಂದೆ ಒಮ್ಮೆಲೇ ಸಡಿಲ.

"ಮಗಳ ಮಂಚದ ಪಕ್ಕ ಕೂತು ಹೆಣೆದದ್ದು. ಭಯಕ್ಕೆ ಕೈ ಹಂಗೆ ಜಗ್ತಿತ್ತು. ಅಂಚಿನ ಈ ಜಾಗಕ್ಕೆ ಬರೋಹೊತ್ತಿಗೆ ಜ್ವರ ಇಳೀತು ನೋಡು, ಕೈ ಕೇಳಲೇ ಇಲ್ಲ. ಕಲಿಯೋ ಹುಡುಗಿ ಹೆಣೆದ ಹಾಗಿದೆ. ಬೇರೆ ಮಾಡೋಕೆ ಟೈಮಿರಲಿಲ್ಲ, ನಾಚಿಕೆಯಿಂದ್ಲೇ ಕೊಟ್ಟೆ. ಈಗ ಅರವತ್ತು ಜನ ನಮ್ಮೂರೋರು ನೋಡ್ತಾರೆ."

ಅಕಾಯಿತಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸುತ್ತಲೇ ಇದ್ದಳು. ಧರಿಸಿದರೆ ತಿಪೋರಾಳಿಗೆ ಅವಮಾನ, ಧರಿಸದಿದ್ದರೆ ಊರು ಹಗುರವಾಗಿ ಆಡಿಕೊಳ್ಳುತ್ತದೆ.

"ಕತ್ತರಿ ಕೊಡಲ್ಲ," ಎಂದಳು ಕೊನೆಗೆ. "ನಿನ್ನ ಮಗಳಿಗೆ ಗಂಜಿ ಕಾಯಿಸಿದವಳು ನಾನು. ಜ್ವರ ಬಿಟ್ಟ ದಿನ ನಾನೂ ಸಡಿಲಾಗಿದ್ದೆ. ಇದನ್ನು ಬಿಚ್ಚೋದು ನಿನ್ನೊಬ್ಬಳ ಕೈಲಿಲ್ಲ ಅಕ್ಕ. ಆದರೆ ನೀನು ಬೇಡ ಅಂದ್ರೆ ಬರಿತಲೇಲಿ ಹೋಗ್ತೀನಿ."

"ಬರಿತಲೇಲಿ? ಪಾದ್ರಿಗಳು ಪ್ರಾರ್ಥನೆ ಮರೀತಾರೆ."

"ಮರೀಲಿ."

ತಿಪೋರಾ ಬಗ್ಗಿ ಆ ಅಂಚನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. ಆಮೇಲೆ ಎದ್ದು ಟೋಪಿಯನ್ನು ಅಕಾಯಿತಿಯ ತಲೆಗಿಟ್ಟಳು. ಸಡಿಲ ಭಾಗ ಹಿಂದೆ ಬರುವಂತೆ ತಿರುಗಿಸಿದಳು. ಸಮಾಧಾನವಾಗಲಿಲ್ಲ, ಪಕ್ಕಕ್ಕೆ ತಂದಳು. ಕಡೆಗೆ ಅದನ್ನು ಹಣೆಯ ಮೇಲೆಯೇ ಬಿಟ್ಟು, "ಹೆಂಗಾದ್ರೂ ಇರಲಿ," ಎಂದು ಕೋಲು ತೆಗೆದುಕೊಂಡಳು.

ಭಾನುವಾರ ಚರ್ಚಿನಲ್ಲಿ ಅಕಾಯಿತಿ ಅದೇ ಟೋಪಿ ಧರಿಸಿ ಹಾಡಿನ ಪುಸ್ತಕ ತೆರೆದಳು. ಎದುರಿನ ನೆಂಟರ ಸಾಲಿನಲ್ಲಿ ಟೋಂಗರೇವಾದ ಒಬ್ಬ ಹೆಂಗಸು ಇವಳ ಟೋಪಿಯನ್ನೇ ನೋಡಿದಳು, ಕಣ್ಣು ಕಿರಿದು ಮಾಡಿದಳು, ತಿಪೋರಾಳ ಕಿವಿಗೆ ಬಗ್ಗಿ ಏನೋ ಕೇಳಿದಳು. ಅಕಾಯಿತಿ ಹಾಡು ಬಿಟ್ಟು ಅವರನ್ನೇ ನೋಡಿದಳು. ತಿಪೋರಾ ಮೊದಲು ತಲೆ ತಗ್ಗಿಸಿದಳು. ಆಮೇಲೆ ಕೋಲನ್ನು ತೊಡೆಗೆ ಆನಿಸಿ ಎರಡೂ ಕೈ ಎತ್ತಿದಳು. ಬೆರಳುಗಳು ಹೆಣೆಯುವಂತೆ ಗಾಳಿಯಲ್ಲಿ ಬಿಗಿಯಾಗಿ ಎಳೆದವು, ಎಳೆದವು, ಒಮ್ಮೆಲೇ ಸಡಿಲವಾದವು. ಆ ಹೆಂಗಸು ತಿಪೋರಾಳ ಮೊಣಕಾಲಿನ ಮೇಲೆ ಕೈಯಿಟ್ಟಳು.