ಮೇಪಲ್ ಗಿಡಕ್ಕೆ ಪಟಿಕ

ಆಸ್ಪತ್ರೆಯಲ್ಲಿ ಹನ್ನೆರಡು ಹಾಸಿಗೆಗಳ ಆರೈಕೆ ಮುಗಿಸಿ ಬಂದರೆ ಮನೆಯಲ್ಲಿ ಹದಿಮೂರನೆಯದು ಕಾದಿರುತ್ತದೆ ಎಂದು ಸಿಸ್ಟರ್ ದಿನವೂ ಒಳಗೊಳಗೇ ಗೊಣಗಿಕೊಳ್ಳುತ್ತಿದ್ದಳು. ನೆರೆಹೊರೆಯವರಿಗೂ ಅವಳು ಸಿಸ್ಟರೇ. ಹದಿಮೂರನೆಯ ಹಾಸಿಗೆ ಮಾವನದು. ನಲವತ್ತು ವರ್ಷ ಊರಿನ ತಲೆಗಳನ್ನೆಲ್ಲ ಬಗ್ಗಿಸಿ ನಿಲ್ಲಿಸಿದ ಕ್ಷೌರಿಕ. ಕೈ ನಡುಗತೊಡಗಿ ಅಂಗಡಿ ಮುಚ್ಚಿದ ಮೇಲೆ ಲೋಟದ ನೀರು ಚೆಲ್ಲುವುದು, ಅಂಗಿಯ ಗುಂಡಿ ಹಾಕಲು ಕೂಗುವುದು, ಹೇಳಿದ್ದನ್ನೇ ಹೇಳುವುದು. ಗಂಡ ಲಾರಿ ಡ್ರೈವರ್. ವಾರಕ್ಕೊಮ್ಮೆ ಮುಖ ತೋರಿಸಿ, “ಅಪ್ಪನ್ನ ಚೆನ್ನಾಗಿ ನೋಡ್ಕೋತಿದೀಯ” ಎಂದು ಹೊಗಳಿ ಮಲಗಿಬಿಡುತ್ತಿದ್ದ. ಹೊಗಳಿಕೆಯಿಂದ ಯಾರ ಬೆನ್ನುನೋವು ಹೋಗಿದೆ ಹೇಳಿ.

ಆ ಮನೆಯಲ್ಲಿ ಅವಳದ್ದು ಅಂತ ಇದ್ದದ್ದು ಹಿತ್ತಲ ಗೋಡೆಯ ಪಕ್ಕದ ಜಪಾನಿ ಮೇಪಲ್ ಒಂದೇ. ಏಳು ವರ್ಷದ ಹಿಂದೆ ಗೇಣುದ್ದದ ಸಸಿ ತಂದು ನೆಟ್ಟಿದ್ದಳು. ಮಧ್ಯಾಹ್ನದ ಬಿಸಿಲಿಗೆ ಎಲೆಯ ಅಂಚು ಸುಟ್ಟುಹೋಗುತ್ತದೆಂದು ಹಳೆಯ ಹಾಸುಬಟ್ಟೆ ಕಟ್ಟಿ ನೆರಳು ಮಾಡಿ, ಬುಡ ಒಣಗದಂತೆ ಮರದ ತೊಗಟೆ ಹರಡಿ ಸಾಕಿದ್ದಳು. ಈಗ ಅದು ಅವಳ ಎದೆಮಟ್ಟ. ಕೊಂಬೆಗಳು ಅಂತಸ್ತು ಅಂತಸ್ತಾಗಿ ಚಾಚಿಕೊಂಡಿದ್ದವು. ಚಳಿಗೆ ಎಲೆ ಉದುರಿಸಿ ನಿಂತಿದ್ದ ಗಿಡದಲ್ಲಿ ಈಗ ಮೊಗ್ಗುಗಳು ಕೆಂಪಗೆ ಊದಿದ್ದವು. ಇನ್ನೊಂದು ವಾರಕ್ಕೆ ಎಲೆ ಬಿಚ್ಚುತ್ತದೆ. ವರ್ಷವಿಡೀ ಅವಳು ಕಾಯುತ್ತಿದ್ದದ್ದು ಆ ಒಂದು ವಾರಕ್ಕೆ.

ಬುಧವಾರ ಅವಳು ದೊಡ್ಡ ನಾದಿನಿಗೆ ಫೋನ್ ಮಾಡಿದ್ದಳು. “ಅಕ್ಕ, ನನ್ನ ಕೈಲಿ ಇನ್ನು ಆಗಲ್ಲ. ಮಾವನ್ನ ನೀವು ಕರ್ಕೊಂಡು ಹೋಗಿ.” ತನ್ನ ಗಂಡನನ್ನು ಕೇಳಿ ಹೇಳುತ್ತೇನೆಂದಿದ್ದಳು ನಾದಿನಿ. ಪಕ್ಕದ ಕೋಣೆಯಲ್ಲಿ ಮಾವ ನಿದ್ದೆಯಲ್ಲಿದ್ದಾರೆ ಎಂದೇ ಸಿಸ್ಟರ್ ಅಂದುಕೊಂಡಿದ್ದಳು.

ಗುರುವಾರ ಸಂಜೆ ಅವಳು ಹಿತ್ತಲ ಬಾಗಿಲು ತೆರೆದಳು. ಮೇಪಲ್‌ಗೆ ಕ್ರಾಪು ಆಗಿತ್ತು. ಸುತ್ತಲೂ ಒಂದೇ ಸಮ, ನೆತ್ತಿಯಲ್ಲಿ ದುಂಡಗೆ. ಗಿಡಕ್ಕೆ ಕಿವಿ ಇಲ್ಲದ್ದೊಂದೇ ಕೊರತೆ. ಕೆಂಪು ಮೊಗ್ಗಿನ ಕಡ್ಡಿಗಳು ಬುಡದಲ್ಲಿ ರಾಶಿ ಬಿದ್ದಿದ್ದವು. ರಸ ಏರುವ ಹೊತ್ತಿನಲ್ಲಿ ಕತ್ತರಿ ಹಾಕಿದರೆ ಮೇಪಲ್ ಸುಮ್ಮನಿರುವುದಿಲ್ಲ, ಕತ್ತರಿಸಿದ ತುದಿಗಳಿಂದೆಲ್ಲ ನೀರು ತೊಟ್ಟಿಕ್ಕುತ್ತಿತ್ತು. ಮಾವ ಸ್ಟೂಲಿನ ಮೇಲೆ ಕುಳಿತು, ಕತ್ತಿ ತಾಗಿದ ಗಿರಾಕಿಗಳ ಗಲ್ಲಕ್ಕೆ ಉಜ್ಜುತ್ತಿದ್ದ ಪಟಿಕದ ತುಂಡನ್ನು ಒಂದೊಂದೇ ತುದಿಗೆ ಒತ್ತುತ್ತಿದ್ದರು.

“ನಿಲ್ತಾನೇ ಇಲ್ಲ ಕಣಮ್ಮ,” ಎಂದರು ಗಾಬರಿಯಿಂದ. “ಪಟಿಕಕ್ಕೆ ನಿಲ್ಲದ ಗಾಯ ನಾನು ನೋಡೇ ಇಲ್ಲ.”

“ಇದನ್ನ ಮುಟ್ಟಿ ಅಂತ ಯಾರು ಹೇಳಿದ್ರು ನಿಮಗೆ?”

“ಯಾರೂ ಇಲ್ಲ. ನಿನ್ನೆ ನೀನು ಫೋನಲ್ಲಿ ಮಾತಾಡಿದ್ದು ಕೇಳಿಸ್ತು. ಹೋಗೋ ಮುಂಚೆ ನಿನಗೊಂದು ಕೆಲಸ ಮಾಡಿಕೊಡೋಣ ಅನ್ನಿಸ್ತು. ನನಗೆ ಬರೋದು ಇದೊಂದೇ ತಾನೆ.”

ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಕೊಂಬೆಯ ತುದಿಗಳನ್ನು ಬಗ್ಗಿ ನೋಡಿದಳು. ಒಂದೂ ಸಿಬಿರೆದ್ದಿರಲಿಲ್ಲ. ಲೋಟ ಹಿಡಿಯಲಾರದ ಕೈ ಕತ್ತರಿ ಹಿಡಿದಾಗ ನಡುಗಿರಲಿಲ್ಲ. ಅವಳಿಗೆ ಅಯ್ಯೋ ಪಾಪ ಅನ್ನಿಸಿತು. ಹಾಗನ್ನಿಸಿದ್ದೂ ಒಂದು ದಣಿವೇ ಆಯಿತು.

“ಬಿಡಿ ಮಾವ, ಅದು ತಾನಾಗೇ ನಿಲ್ಲುತ್ತೆ.”

“ಎಲೆ ಬರುತ್ತಾ?”

“ಬರುತ್ತೆ. ಮೊದಲಿನ ಥರ ಆಗೋಕೆ ಇನ್ನೂ ನಾಲ್ಕೈದು ವರ್ಷ ಬೇಕು.”

ಅಷ್ಟರಲ್ಲಿ ಫೋನ್ ಬಂತು. ನಾದಿನಿ. “ಇವರು ಒಪ್ಕೊಂಡ್ರು. ಭಾನುವಾರ ಕಾರ್ ತರ್ತೀವಿ. ಬರಬಹುದು ತಾನೆ?”

ಮಾವ ಗಿಡದ ಕಡೆ ಮುಖ ತಿರುಗಿಸಿಕೊಂಡರು. ಬೇಡ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು?

“ಬನ್ನಿ ಅಕ್ಕ,” ಎಂದಳು ಸಿಸ್ಟರ್.

ಮಾವ ತೊಡೆಯ ಮೇಲಿನ ಕಡ್ಡಿಚೂರುಗಳನ್ನು ಕೂದಲು ಕೊಡವುವಂತೆ ಕೊಡವಿದರು. “ನೀನು ನೊಂದ್ಕೋಬೇಡಮ್ಮ. ನಿನಗೆ ನಾನು ಸಾಕಾಗಿದೀನಿ, ಯಾರಿಗಾದ್ರೂ ಆಗುತ್ತೆ. ನನಗೆ ನೀನು ಇನ್ನೂ ಸಾಕಾಗಿರಲಿಲ್ಲ, ಅಷ್ಟೇ.”

ಯೂನಿಫಾರ್ಮಿನಲ್ಲೇ ನೆಲಕ್ಕೆ ಕುಸಿದು ಕುಳಿತು ಅವಳು ಅತ್ತಳು. ಫೋನ್ ಇನ್ನೂ ಕೈಯಲ್ಲೇ ಇತ್ತು. ಭಾನುವಾರಕ್ಕೆ ಮೂರು ದಿನವಿತ್ತು. ಮೂರು ದಿನವೂ ಅವಳು ಬೇಡ ಅನ್ನಲು ನಾದಿನಿಗೆ ಫೋನ್ ಮಾಡಲಿಲ್ಲ.